ಹೆಬ್ಬೆರಳಿನ ಉಗುರಿನಷ್ಟು ಕುರಿ

ನನಗೆ ಸಣ್ಣ ಚಿತ್ರ ಬರೆಯಲು ಬರುವುದಿಲ್ಲ. ಇಪ್ಪತ್ತೆರಡು ವರ್ಷ ಚಿತ್ರಕಲಾ ಶಿಕ್ಷಕನಾಗಿ ಸಂಬಳ ತೆಗೆದುಕೊಂಡ ಮೇಲೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಬಬಲೇಶ್ವರದ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವರು ಇದನ್ನು ಓದುವ ಸಂಭವ ಕಡಿಮೆ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ. ದೊಡ್ಡ ಚಿತ್ರವಾದರೆ ಏನು ಬೇಕಾದರೂ ಕೇಳಿ. ನೌಕರಿ ಸಿಗುವ ಮುನ್ನ ವಿಜಯಪುರದ ಗಾಂಧಿ ಚೌಕದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಒಂದು ಸೀರೆ ಅಂಗಡಿಗೆ ಬರೆದ ಹೆಣ್ಣುಮಗಳ ಒಂದೊಂದು ಕಣ್ಣೂ ನನ್ನ ಅಂಗೈಯಷ್ಟು ಅಗಲವಿತ್ತು. ಅವಳ ಕೆಳಗೆ ಆಟೋಗಳು ಒಂದಕ್ಕೊಂದು ತಾಗುತ್ತಿದ್ದವು. ಅದು ನನ್ನ ಚಿತ್ರದ ಪ್ರಭಾವವೆಂದು ಬಹಳ ದಿನ ನಂಬಿದ್ದೆ. ಅಲ್ಲಿ ರಸ್ತೆಯೇ ಇಕ್ಕಟ್ಟು ಎಂದು ಮದುವೆಯಾದ ವಾರದಲ್ಲೇ ಹೆಂಡತಿ ತಿಳಿಸಿದಳು.

ಹೆಂಡತಿ ಶಾಂತಾ ವಿಜಯಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ತವರು ನಿಡೋಣಿ, ಕುರಿ ಕಾಯುವ ಮನೆತನ. ಶಾಲೆಯ ರಜೆಯಲ್ಲಿ ತಾನೂ ಅಪ್ಪನ ಹಿಂದೆ ಕುರಿ ಕಾದವಳು. ಎರಡು ವರ್ಷ ಸಂಜೆಯ ಹೊತ್ತು ಒಬ್ಬಳೇ ಕೂತು ಫೋನಿನಲ್ಲಿ ಆಡುವ ಒಂದು ಆಟ ಮಾಡಿದಳು. ಸಾರವಾಡದ ಕಡೆಯ ಹೊಲದಲ್ಲಿ ಮೇಯುವ ಕುರಿಗಳನ್ನು ಬಸ್ಸು, ಟ್ರ್ಯಾಕ್ಟರುಗಳ ನಡುವೆ ರಸ್ತೆ ದಾಟಿಸಿ ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಿಸಬೇಕು. ಗುಂಡು ಹಾರುವುದಿಲ್ಲ, ಯಾರೂ ಸಾಯುವುದಿಲ್ಲ. ಒಂದು ಕುರಿ ಹಿಂದೆ ಉಳಿದರೆ ಅರಚುತ್ತದೆ, ನೀವು ತಿರುಗಿ ಹೋಗಿ ಕರೆತರಬೇಕು, ಅಷ್ಟೇ. ಆಟ ಮುಗಿದ ಮೇಲೆ ಅದನ್ನು ಫೋನಿನ ಸ್ಟೋರಿನಲ್ಲಿ ಇಡಲು ಒಂದು ಚಿತ್ರ ಬೇಕಾಯಿತು. ಸ್ಟೋರೆಂದರೆ ಸಾವಿರಾರು ಆಟಗಳನ್ನು ಸಾಲಾಗಿ ಜೋಡಿಸಿಟ್ಟ ಸಂತೆ. ಚಿತ್ರ ನೋಡಿದವನಿಗೆ ಒತ್ತಬೇಕೆನಿಸಿದರೆ ಒತ್ತುತ್ತಾನೆ, ಇಲ್ಲವಾದರೆ ಬೆರಳು ಮುಂದೆ ಹೋಗುತ್ತದೆ.

"ಚಿತ್ರ ನೀವ ಬರೀರಿ. ಹೊರಗಿನವರ ಕೈಯಾಗ ಕೊಡಾಕ ಮನಸಿಲ್ಲ" ಎಂದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನಿಂದ ಒಂದು ಚಿತ್ರ ಕೇಳಿದ್ದು ಅದೇ ಮೊದಲು. ಆ ಮಾತಿನ ಭಾರ ನನಗೆ ತಿಳಿಯಬೇಕಿತ್ತು. ನಾನು ಅದನ್ನು ಸುವರ್ಣಾವಕಾಶವೆಂದು ತಿಳಿದೆ.

ಮೂರು ಭಾನುವಾರ ನಿಡೋಣಿಗೆ ಹೋಗಿ ಮಾವ ಭೀಮಪ್ಪನವರನ್ನು ಎದುರಿಗೆ ಕೂರಿಸಿಕೊಂಡೆ. ಅವರು ಹಿರಿಯ ಮಗನ ಸಂಸಾರದ ಜೊತೆ ಇದ್ದಾರೆ. ಹೊಸ ರುಮಾಲು ಸುತ್ತಿ, ಹೆಗಲ ಮೇಲೆ ಕಂಬಳಿ ಹಾಕಿ ಮಿಸುಕದೆ ಕೂತರು. ನೊಣ ಬಂದು ಮೂಗಿನ ಮೇಲೆ ಕೂತರೂ ಓಡಿಸಲಿಲ್ಲ. ತಾವು ಎಲ್ಲರ ಫೋನಿನೊಳಗೆ ಬರುತ್ತೇವೆಂದು ಊರಿಗೆಲ್ಲ ಹೇಳಿ ಮುಗಿಸಿದ್ದರು. ಚಿತ್ರದಲ್ಲಿ ಮಾವನ ಹಿಂದೆ ಮೂವತ್ತೆರಡು ಕುರಿ, ಅವುಗಳ ಹಿಂದೆ ಜೋಳದ ಹೊಲ, ಬಸ್ಸು, ಬಸ್ಸಿನ ಕಿಟಕಿಯಲ್ಲಿ ಮುಖಗಳು, ಮೇಲೆ ಕೆಂಪು ಆಕಾಶ, ದೂರದಲ್ಲಿ ಗೋಳಗುಮ್ಮಟ. ನಿಡೋಣಿಯಿಂದ ಗುಮ್ಮಟ ಕಾಣುವುದಿಲ್ಲ ಎಂದು ಶಾಂತಾ ಹೇಳಿದಾಗ, ಕಲಾವಿದನಿಗೆ ಕಾಣುತ್ತದೆ ಎಂದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, ಚಿತ್ರದ ಫೋಟೋ ತೆಗೆದು ಸ್ಟೋರಿಗೆ ಏರಿಸಿದಳು.

ಅಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟಾಯಿತು. ಮಾವ ಒಂದು ಕಂದು ಕಲೆಯಾಗಿದ್ದರು. ಕುರಿಗಳು ಬೂಸಲು ಹಿಡಿದಂತೆ ಕಾಣುತ್ತಿದ್ದವು. ಸ್ಪಷ್ಟವಾಗಿದ್ದದ್ದು ಕೆಳಗಿನ ಮೂಲೆಯ ನನ್ನ ಸಹಿ ಮಾತ್ರ, ಅದೂ ಕುರಿ ಹಿಕ್ಕೆಯ ಹಾಗೆ. ಒಂದು ತಿಂಗಳಲ್ಲಿ ಆಟ ಇಳಿಸಿಕೊಂಡವರು ಹದಿನಾಲ್ಕು ಜನ. ಅವರಲ್ಲಿ ಹನ್ನೊಂದು ಜನ ನಮ್ಮ ಮದುವೆಗೆ ಬಂದವರು. ಸ್ಟಾಫ್ ರೂಮಿನಲ್ಲಿ ಹಿಂದಿ ಮಾಸ್ತರರಿಗೆ ತೋರಿಸಿದೆ. ಅವರು ತಿಕೋಟಾದವರು, ದ್ರಾಕ್ಷಿ ತೋಟವುಳ್ಳವರು. ಕನ್ನಡಕ ಏರಿಸಿ, ಇಳಿಸಿ ನೋಡಿ, "ಇದು ಯಾವ ಔಷಧರೀ? ದ್ರಾಕ್ಷಿಗಿ ಹೊಡಿಯೂದೇನು?" ಎಂದರು. ಹೌದು ಎಂದುಬಿಟ್ಟೆ. ಎಲ್ಲಿ ಸಿಗುತ್ತದೆ ಎಂದು ಅವರು ಈಗಲೂ ಆಗಾಗ ಕೇಳುತ್ತಾರೆ.

ಶಾಂತಾ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ಸಂಜೆ ಕಂಪ್ಯೂಟರ್ ತೆರೆಯುವುದನ್ನೇ ಬಿಟ್ಟಳು. ಅಡುಗೆ ಮಾಡಿ ಬಡಿಸಿ, ಟಿವಿಯ ಎದುರು ಟಿವಿ ನೋಡದೆ ಕೂರುತ್ತಿದ್ದಳು. ಆಟ ಚೆನ್ನಾಗಿಲ್ಲವೆಂದು ಜನ ಬಿಟ್ಟಿದ್ದರೆ ಅವಳು ತಿದ್ದುತ್ತಿದ್ದಳು. ಜನ ಬಾಗಿಲಿಗೇ ಬಂದಿರಲಿಲ್ಲ, ಮತ್ತು ಬಾಗಿಲಲ್ಲಿ ನಿಂತಿದ್ದವನು ನಾನು. ಹತ್ತು ದಿನವಾದ ಮೇಲೆ ಅವಳೇ ಬಾಯಿ ಬಿಟ್ಟಳು.

"ಒಂದ ಮುಖ ಸಾಕರಿ. ಹಿಂದ ಒಂದ ಬಣ್ಣ. ದೂರಿಂದ ನೋಡಿದ್ರೂ ಇದು ಕುರಿ ಅಂತ ತಿಳೀಬೇಕು."

"ಮತ್ತ ಮಾವಾರು?"

"ಅಪ್ಪನ್ನ ತಗೀರಿ" ಎಂದಳು. ಹೇಳಿ ಎದ್ದು ಒಳಗೆ ಹೋದಳು.

ಮೂರು ಭಾನುವಾರ ಕೂರಿಸಿ ಬರೆದ ಮನುಷ್ಯನನ್ನು ಬಿಟ್ಟು ಹೊಸ ಹಾಳೆ ತೆಗೆದುಕೊಂಡೆ. ಬೇಜಾರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಒಂದು ಬೆಳ್ಳಗಿನ, ಗುಂಗುರು ಉಣ್ಣೆಯ, ನಗುಮುಖದ ಕುರಿಯನ್ನು ನೋಡಿ ಬರೆದೆ. ಹಿಂದೆ ಆಕಾಶನೀಲಿ. ಸಣ್ಣದಾದರೂ ಕುರಿ ಕುರಿಯೇ ಆಗಿತ್ತು. ಆದರೂ ಒತ್ತುವವರು ಹೆಚ್ಚಾಗಲಿಲ್ಲ. ಅಂಥ ಬಿಳಿ ಕುರಿಗಳು ಆ ಸಾಲಿನಲ್ಲಿ ಹಿಂದೆ ಮುಂದೆ ಬೇಕಾದಷ್ಟಿದ್ದವು. ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಮಾವನಿಗೆ ಯಾರು ಹೇಳಬೇಕು? ಶಾಂತಾ ತನಗೆ ಪರೀಕ್ಷೆಯ ಕೆಲಸವಿದೆ ಎಂದಳು. ನಾನೇ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಬಸ್ ಇಳಿದಾಗ ಅದರಲ್ಲಿ ಕ್ಷಮೆ ಎಂಬ ಶಬ್ದವೊಂದೇ ನೆನಪಿತ್ತು.

ಮಾವ ಫೋನನ್ನು ತೋಳಿನಷ್ಟು ದೂರ ಹಿಡಿದು ನೋಡಿದರು.

"ನಾ ಇಲ್ಲೇನು ಇದರಾಗ?"

"ಇಲ್ಲರಿ ಮಾವಾರ. ಚಿತ್ರ ಸಣ್ಣದಾಗತೈತಿ, ನೀವು ಕಾಣಂಗಿಲ್ಲ. ಅದಕ್ಕ…"

"ಇರಲಿ ಬಿಡ್ರಿ, ಮಾಸ್ತರ. ನಾ ಇಲ್ಲಂದ್ರೂ ನಡಿತೈತಿ" ಎಂದರು. ನನ್ನ ಎದೆ ಹಗುರಾಗುವಷ್ಟರಲ್ಲಿ ಮತ್ತೆ ಕೇಳಿದರು, "ಇದು ಯಾರ ಕುರಿ?"

"ಯಾರದೂ ಅಲ್ಲರಿ. ಸುಮ್ನ ಒಂದು ಕುರಿ."

"ಸುಮ್ನ ಒಂದು ಕುರಿ ಅಂತ ಇರಂಗಿಲ್ಲ" ಎಂದು ಫೋನು ನನ್ನ ಕೈಗೆ ಕೊಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಇಂಥಾ ಬಿಳಿ ಉಣ್ಣಿ ಹೊತ್ತು ನಮ್ಮ ಬಿಸಲಾಗ ಇದು ಎರಡು ದಿನ ತಡಿಯಂಗಿಲ್ಲ. ನಮ್ಮ ಕುರಿ ಬರೀಬೇಕಂದ್ರ ಈ ವಾರದಾಗ ಬರೀರಿ. ಬರೂ ವಾರ ಎಲ್ಲಾ ಕೊಟ್ಟ ಬಿಡತೇನಿ. ಮೊಣಕಾಲು ನಡಿಯಾಕ ಬಿಡವಲ್ಲವು."

ಈ ಸುದ್ದಿ ಶಾಂತಾಳಿಗೂ ಗೊತ್ತಿರಲಿಲ್ಲ. ನಾನು ಅಂದು ಮಧ್ಯಾಹ್ನವೇ ಕುರಿಹಟ್ಟಿಯ ಮುಂದೆ ಕೂತೆ. ನಮ್ಮ ಸೀಮೆಯ ಕುರಿ ಕಪ್ಪು, ಜೋಲುಕಿವಿ, ಉಬ್ಬಿದ ಮೂಗು. ಮಾವ ಒಂದನ್ನು ಕತ್ತು ಹಿಡಿದು ತಂದರು. ನಾಯಿ ಕಚ್ಚಿ ಅದರ ಎಡಗಿವಿ ಅರ್ಧ ಹರಿದಿತ್ತು. ಮೋಟಗಿವಿ ಎಂದೇ ಅದರ ಹೆಸರು. ಅದು ಮಾವನ ಹಾಗೆ ಕೂರುವ ಪೈಕಿ ಅಲ್ಲ. ನನ್ನ ಹಾಳೆಯ ಒಂದು ಮೂಲೆ ತಿಂದು, ನಂತರ ನನ್ನನ್ನೇ ನೋಡುತ್ತಾ ನಿಂತಿತು. ಆ ನೋಟ ನನಗೆ ಪರಿಚಯದ್ದು. ಹತ್ತು ದಿನ ಮನೆಯಲ್ಲಿ ಊಟದ ಹೊತ್ತಿಗೆ ಅದನ್ನೇ ನೋಡಿದ್ದೆ. ಹಾಗೇ ಬರೆದೆ. ಹಿಂದೆ ಕುಸುಬಿ ಹೂವಿನ ಹಳದಿ ಬಳಿದೆ, ಬೇರೇನೂ ಇಲ್ಲ. ಸಹಿಯನ್ನೂ ಹಾಕಲಿಲ್ಲ.

ಶಾಂತಾ ಚಿತ್ರವನ್ನು ಗೋಡೆಗೆ ಆನಿಸಿ, ಅಡುಗೆಮನೆಯ ಬಾಗಿಲವರೆಗೆ ಹಿಂದೆ ಸರಿದು ನೋಡಿದಳು. "ಮೋಟಗಿವಿ" ಎಂದಳು. ಕುರಿ ಮಾರುವ ಸುದ್ದಿಯನ್ನು ಆಗ ಹೇಳಿದೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ಅಂದು ಸಂಜೆ ಕಂಪ್ಯೂಟರ್ ತೆರೆದು ಹೊಸ ಚಿತ್ರ ಏರಿಸಿದಳು. ಸ್ಟೋರಿನ ಬಿಳಿ ಕುರಿಗಳ ಸಾಲಿನ ನಡುವೆ ಕಪ್ಪು ಕುರಿ ಎದ್ದು ಕಂಡಿತು. ಜನ ಒತ್ತತೊಡಗಿದರು. ಬಹಳ ಜನವಲ್ಲ, ಆದರೆ ನಮ್ಮ ಮದುವೆಗೆ ಬರದವರು. ಮುಂದಿನ ವಾರ ನಿಡೋಣಿಯ ಹಟ್ಟಿ ಖಾಲಿಯಾಯಿತು.

ಮೊನ್ನೆ ಮೊಣಕಾಲು ತೋರಿಸಲು ಮಾವ ವಿಜಯಪುರಕ್ಕೆ ಬಂದಿದ್ದರು. ಶಾಂತಾ ಸ್ಟೋರು ತೆರೆದು ಫೋನು ಅವರ ಕೈಗೆ ಕೊಟ್ಟಳು. ಅವರು ಸೋಫಾ ಬಿಟ್ಟು ನೆಲದ ಮೇಲೆ ಕೂತು ನೋಡಿದರು. ಫೋನಿನ ಬೆಳಕು ಆರಿತು. ಮಗಳಿಂದ ಹಚ್ಚಿಸಿಕೊಂಡು ಮತ್ತೆ ನೋಡಿದರು. ಮೂರನೆಯ ಸಲ ಆರಿದಾಗ ಅವಳು, "ಒತ್ತು ಯಪ್ಪಾ, ಆಟ ಇಳಿತೈತಿ" ಎಂದಳು.

"ಒತ್ತಿದ್ರ ಇದು ಹೋಗತೈತಲ್ಲ, ಯವ್ವಾ" ಎಂದರು ಮಾವ. ಬೆರಳನ್ನು ತಾಗದಂತೆ ಮಡಚಿಕೊಂಡಿದ್ದರು.

ಚಿತ್ರ ನೋಡಿದವನು ಕೂಡಲೇ ಒತ್ತಬೇಕು, ಒತ್ತದಿದ್ದರೆ ಆ ಚಿತ್ರ ಸೋತಂತೆ ಎಂದು ನನಗೆ ಕಲಿಸಲು ಶಾಂತಾಳಿಗೆ ಆರು ತಿಂಗಳು ಹಿಡಿದಿತ್ತು. ಅವಳು ನನ್ನ ಕಡೆ ನೋಡಲಿಲ್ಲ, ಅಪ್ಪನಿಗೆ ಮತ್ತೊಮ್ಮೆ ಹೇಳಲೂ ಇಲ್ಲ. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಇಷ್ಟು ವರ್ಷಗಳಲ್ಲಿ ನನ್ನ ಚಿತ್ರವನ್ನು ಅಷ್ಟು ಹೊತ್ತು ನೋಡಿದವರು ಅವರೊಬ್ಬರೇ, ಅದೂ ಕುರಿಯ ಸಲುವಾಗಿ.