ಬಿಲ್ಕ್ ಎಂಬ ಪದದ ಮೂರು ಅರ್ಥಗಳು

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಮೊನ್ನೆ ಮೊಮ್ಮಗಳು ಇಂಗ್ಲಿಷ್ ಪುಸ್ತಕ ಹಿಡಿದು “ಅಜ್ಜ, ಬಿಲ್ಕ್ ಅಂದ್ರೇನು?” ಎಂದು ಕೇಳದಿದ್ದರೆ ಇನ್ನೂ ಮುಂದೂಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಓದಿದ ನಾನು ಮನೆಯಲ್ಲಿ ಇಂಗ್ಲಿಷಿಗೆ ಸುಪ್ರೀಂ ಕೋರ್ಟು. “ಮಿಲ್ಕ್ ಅನ್ನೋದು ತಪ್ಪಾಗಿ ಅಚ್ಚಾಗೈತೆ ಕಣವ್ವ” ಎಂದು ತೀರ್ಪು ಕೊಟ್ಟೆ. ಅವಳು ನಿಘಂಟು ತೆರೆದು ಓದಿದಳು: ಕೊಡಬೇಕಾದ ಹಣ ಕೊಡದೆ ಜಾರಿಕೊಳ್ಳು, ಮೋಸ ಮಾಡು, ಕೈಗೆ ಸಿಗದೆ ತಪ್ಪಿಸಿಕೊಳ್ಳು. ಯಾರೋ ನನ್ನ ಜಾತಕ ಓದಿದಂತಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ನ್ಯಾಮತಿಯ ಒಂದು ಹೋಟೆಲಿನಲ್ಲಿ ಬಿಲ್ಲಿನ ಚೀಟಿ ಇರಲಿಲ್ಲ. ಗಿರಾಕಿ ಗಲ್ಲಾದ ಕಡೆ ಹೊರಟರೆ ಸಪ್ಲೈಯರ್ ಹಿಂದಿನಿಂದ “ಕೆಂಪು ಟವೆಲ್, ಮೂವತ್ತು!” ಎಂದು ಕೂಗುತ್ತಿದ್ದ. ಅಂದು ನಾನು ಎರಡು ಮಸಾಲೆ ದೋಸೆ, ಕೇಸರಿಬಾತು, ಕಾಫಿ ಮುಗಿಸಿ ಎದ್ದೆ. “ಕನ್ನಡಕ, ನೂರೈವತ್ತು!” ಎಂದು ಕೂಗಿದ. ನನ್ನ ಮುಂದೆಯೇ ಇನ್ನೊಂದು ಕನ್ನಡಕ ನಡೆಯುತ್ತಿತ್ತು. ಜೇಬಿನಲ್ಲಿ ದುಡ್ಡಿತ್ತು, ಆದರೂ ತಮಾಷೆ ಎನಿಸಿ ನನ್ನ ಕನ್ನಡಕವನ್ನು ತೆಗೆದು ಜೇಬಿಗಿಳಿಸಿದೆ.

“ನಾನು ಕುಡ್ದಿದ್ದು ಒಂದು ಚಾ ಕಣ್ರೀ! ನೂರೈವತ್ರುಪಾಯಿ ಚಾ ಯಾವ ಸೀಮೇದು?” ಎಂದು ಆ ಕನ್ನಡಕದವರು ಗಲ್ಲಾದ ಮುಂದೆ ಜಗಳಕ್ಕೆ ನಿಂತರು. ನಾನು ಪಕ್ಕದಿಂದ “ಬರೀ ಚಾ” ಎಂದು ಹತ್ತು ರೂಪಾಯಿ ಇಟ್ಟು ಜಾರಿದೆ.

“ಲೇ, ಯಾವ ಕನ್ನಡಕನೋ? ನಿನ್ನ ಕೂಲ್ಯಾಗೇ ಹಿಡ್ಕಂತೀನಿ!” ಎಂದು ಮಾಲೀಕ ಸಪ್ಲೈಯರ್ ಮೇಲೆ ಗದರಿದ್ದು ಹೊರಗೂ ಕೇಳಿಸಿತು. ಮೆಟ್ಟಿಲು ಕಾಣದೆ ಎಡವಿ, ಕನ್ನಡಕ ಹಾಕಿಕೊಂಡೆ. ಬಾಗಿಲಲ್ಲಿ ಆ ಸಪ್ಲೈಯರ್ ನಿಂತಿದ್ದ.

“ಯಜಮಾನ್ರೇ, ಈಗ ಕಣ್ಣು ಕಾಣ್ತಾವೇನ್ರೀ?”

“ಹೊನ್ನಾಳಿ ಬಸ್ ಕಾಣ್ತೈತಪ್ಪ” ಎಂದು ಹತ್ತಿಬಿಟ್ಟೆ. ಅವನು ನನ್ನನ್ನು ತೋರಿಸಿ ಕೂಗಬಹುದಿತ್ತು. ನಾನಾಗಿಯೇ ಇಳಿದು ಬರಲೆಂದು ಕಾದನೇನೋ.

ವಾರದ ನಂತರ ಬಾಕಿ ದುಡ್ಡು ಹಿಡಿದೇ ಹೋದೆ. ಕೂಗುವ ದನಿ ಹೊಸದು. “ಅವನ್ನ ಬಿಡಿಸ್ಬಿಟ್ಟೆ ಕಣ್ರೀ, ಗಿರಾಕಿ ಗುರುತೇ ಸಿಗಂಗಿಲ್ಲ ಅವನಿಗೆ” ಎಂದು ಅವನ ಹೆಸರು, ಊರು ಹಿಡಿದು ಬೈದ ಮಾಲೀಕ. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಟ್ಟೆ: “ಹೌದೌದು, ಈಗಿನೋರನ್ನ ನಂಬಾಕೆ ಆಗಲ್ಲ!” ಎರಡನೆಯ ಅರ್ಥವೂ ಮುಗಿಯಿತು.

ಹೋದ ವರ್ಷ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಆ ಸಪ್ಲೈಯರ್ ತನ್ನೂರು ಜಗಳೂರಿನ ಬಸ್ಸು ಕಾಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ನಾನು ನೆಟ್ಟಗೆ ಶೌಚಾಲಯ ಹೊಕ್ಕು, ಅವನ ಬಸ್ಸು ಹೊರಡುವ ತನಕ ಮೂಗು ಮುಚ್ಚಿಕೊಂಡು ನಿಂತಿದ್ದೆ. ಅದು ಮೂರನೆಯದು.

ಅರ್ಥ ಓದಿ ಮುಗಿಸಿದ ಮೊಮ್ಮಗಳು ಆ ಪದ ಬಳಸಿ ಬರೆಯಲು ವಾಕ್ಯವೊಂದನ್ನು ಕೇಳಿದಳು. “ಮೋಸ ಮಾಡಿದೋರು ಯಾರು ಅಂತ ಬರೀಲಿ ಅಜ್ಜ?”

“ನಾನು ಅಂತ ಬರಿಯವ್ವ.”

ನಕ್ಕಳು. “ಯಾರಿಗೆ? ಒಂದು ಹೆಸರು ಹೇಳು, ಸುಮ್ನೆ ಯಾವುದಾದ್ರೂ.”

ಕ್ಷಮೆ ಕೇಳಲು ಒಮ್ಮೆಯೂ ಬಾಯಿಗೆ ಬಾರದಿದ್ದ ಅವನ ಹೆಸರು, ಇಂಗ್ಲಿಷ್ ವ್ಯಾಕರಣಕ್ಕೆಂದಾಗ ಬಂತು: ತಿಪ್ಪೇಸ್ವಾಮಿ.