ಹಿಂದೆ ಬಂದವರು ಮೊದಲು ಹೋಗಬೇಕಂತೆ

ಹಿರಿಯರು ಅಂದರೆ ಯಾರು? ತಲೆ ಪೂರಾ ಬೆಳ್ಳಗಾದ ಮೇಲೆ ನನಗೆ ಈ ಪ್ರಶ್ನೆ ಎದ್ದಿದೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕರೆದು ಕೂರಿಸುತ್ತಾರಲ್ಲ, ಅವರೇ ಹಿರಿಯರು ಎಂದು ತಿಳಿದಿದ್ದೆ. ಹಲ್ಲು ಉದುರಿ, ಮೊಣಕಾಲು ಹೋಗಿ, ನಾಲಿಗೆಗೆ ಮಾತ್ರ ಏನೂ ಆಗದೆ ಉಳಿದಿದ್ದರೆ ಹಿರಿಯರೇ ಸೈ. ಆ ಲೆಕ್ಕಕ್ಕೆ ನಮ್ಮ ಬೇಳೆ ಮಿಲ್ಲಿನಲ್ಲಿ ನನಗಿಂತ ಹಿರಿಯದು ಏನೂ ಇಲ್ಲ, ಗೇಟಿನ ಬಳಿಯ ಬೇವಿನ ಮರ ಕೂಡ ನನಗಿಂತ ಚಿಕ್ಕದು. ಆದರೂ ಅಲ್ಲಿ ನಾನೇ ಎಲ್ಲರಿಗಿಂತ ಕಿರಿಯಳಂತೆ, ನನ್ನ ಸೊಸೆ ಶಾಂತಾ ನನಗಿಂತ ಹಿರಿಯಳಂತೆ. ಇದನ್ನು ಕೇಳಿದ ದಿನದಿಂದ ತಲೆ ತಿರುಗುವುದು ನಿಂತಿಲ್ಲ.

ನಮ್ಮದು ಕಮಲಾಪುರ. ಶಾಂತಾ ಬಹಳ ವರ್ಷಗಳಿಂದ ಕಲಬುರಗಿಯ ಮಿಲ್ಲಿಗೆ ತೊಗರಿ ಬೇಳೆ ಹಸನು ಮಾಡಲು ಹೋಗುತ್ತಾಳೆ. ನಾನು ಬಾಳೆ ತೋಟದ ಕೂಲಿಯಾಗಿದ್ದೆ. ನಿಂತು ಮಾಡುವ ಕೆಲಸ ಆಗದಾದಾಗ ಆಕೆಯೇ ನನ್ನನ್ನು ಮಿಲ್ಲಿಗೆ ಸೇರಿಸಿದಳು. ಮನೆಯಲ್ಲಿ ಕೂತಿರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೂತು ಉಣ್ಣುವವರ ತಾಟಿಗೆ ಸಾರು ದಿನದಿಂದ ದಿನಕ್ಕೆ ತೆಳ್ಳಗಾಗುತ್ತದೆ, ಅದು ಎಂಥ ಒಳ್ಳೆಯ ಸೊಸೆ ಇದ್ದರೂ ಅಷ್ಟೇ. ಹಾಗಾಗಿ ಮಿಲ್ಲಿಗೆ ಹೊರಟೆ. ಬೇಳೆಯೊಳಗಿನ ಕಲ್ಲು ಕಾಣುವಂತೆ ಬೆಳಕು ಬೀಳುವ ಜಾಗ ಹಿಡಿಯಬೇಕೆಂದು ನಾನು ಮೊದಲ ಬಸ್ಸಿಗೇ ಹೋಗಿಬಿಡುತ್ತಿದ್ದೆ. ಶಾಂತಾ ರೊಟ್ಟಿ ಬಡಿದಿಟ್ಟು ಅದರ ಹಿಂದಿನ ಬಸ್ಸಿಗೆ ಬರುತ್ತಿದ್ದಳು.

ಒಂದು ದಿನ ಊಟದ ಬಿಡುವಿನಲ್ಲಿ ಯೂನಿಯನ್ ಮುಖಂಡ ಖಾಸಿಂಸಾಬ್ ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ಕೂಡಿಸಿದ. ಸೋಮವಾರದಿಂದ ಎರಡು ಪಾಳಿ ಆಗುತ್ತವೆ ಎಂದ. ಎರಡನೇ ಪಾಳಿ ಬಿಡುವ ಹೊತ್ತಿಗೆ ಕಮಲಾಪುರದ ಕೊನೆಯ ಬಸ್ಸು ಹೋಗಿರುತ್ತದೆ. ನಾನು ಮನೆಗೆ ಹೋಗುವುದು ಹೇಗೆ?

"ಮೊದಲ ಬಂದೋರಿಗಿ ಮೊದಲ ಆಯ್ಕೆ. ಇದು ಯೂನಿಯನ್ ಬಡದಾಡಿ ತಗೊಂಡಿದ್ದ ಹಕ್ಕು," ಎಂದ ಖಾಸಿಂಸಾಬ್.

"ಹಂಗಾರ ಮುಂಜಾನಿ ಪಾಳಿ ನಂದು," ಎಂದು ನಾನು ಎದ್ದು ನಿಂತೆ. "ವಾಚ್‌ಮನ್ ಇನ್ನಾ ಹಾಸಿಗಿ ಸುತ್ತಿರಲಿಲ್ಲ, ನಾ ಬಂದು ಗೇಟಿಗಿ ನಿಂತಿದ್ದೆ. ಬೇಕಾರ ಅವಗ ಕೇಳ್ರಿ."

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

"ಇವತ್ತ ಮೊದಲ ಬಂದಿದ್ದಲ್ಲ ಆಯಿ, ಕೆಲಸಕ್ಕ ಮೊದಲ ಸೇರಿದ್ದು. ನಾವು ಸರ್ವಿಸ್ ನೋಡ್ತೀವಿ, ವಯಸ್ಸಲ್ಲ. ನಿಮ್ ಸೊಸಿ ನಿಮಗಿಂತ ಸೀನಿಯರ್ ಅದಾಳ," ಎಂದ ಖಾಸಿಂಸಾಬ್.

"ಆಕಿಗಿ ಮೂಗು ಒರಸ್ಕೊಳ್ಳಾಕ ಬರದಾಗ ನಾ ಬಾಳಿಗೊನಿ ಹೊತ್ತೀನಿ!"

"ಅದು ತ್ವಾಟದ ಸರ್ವಿಸ್. ಇಲ್ಲಿ ನಡಿಯಂಗಿಲ್ಲ."

ಶಾಂತಾ ನನ್ನ ಸೆರಗು ಎಳೆದಳು. "ಕೂಡ್ರಿ ಅತ್ತಿ, ಮಂದಿ ನಗಲಾಕತ್ತದ."

"ಹಂಗಾರ ನಿನ್ ಹಿರಿತನ ನನಗ ಕೊಡು. ನೀ ಎರಡನೇ ಪಾಳಿ ಮಾಡು."

ಖಾಸಿಂಸಾಬ್ ಅಲ್ಲಿಂದಲೇ ಕೂಗಿದ. "ಹಿರಿತನ ಅಂದ್ರ ಸೀರಿ ಅಲ್ಲ ಆಯಿ, ಸೊಸಿ ಬಿಟ್ಟಿದ್ದು ಅತ್ತಿ ಉಡಾಕ!"

ಕುಳಿತೆ. ಆದರೆ ಮನಸ್ಸೆಲ್ಲ ಬಸ್ಸಿನಲ್ಲೇ ಇತ್ತು. ಖಾಸಿಂಸಾಬ್ ಮುಂದೆ ಈಗಿನ ತೊಗರಿ ಮುಗಿದು ಮಾಲು ಕಮ್ಮಿಯಾದರೆ ಎಂದೇನೋ ಹೇಳುತ್ತಿದ್ದ, ನನ್ನ ಕಿವಿಗೆ ಬಿದ್ದದ್ದು ಬಾಲ ಮಾತ್ರ. "ಹಿಂದ ಬಂದೋರು ಮೊದಲ ಹೋಗಬೇಕು. ಎಲ್ಲರದೂ ಒಪ್ಪಿಗಿ ಅದ ಏನ್ರಿ?"

ನನಗೆ ಜೀವ ಬಂತು. ಹಿಂದಿನ ಪಾಳಿಗೆ, ಅಂದರೆ ಎರಡನೇ ಪಾಳಿಗೆ ಬಂದವರು ಮೊದಲು ಮನೆಗೆ ಹೋಗಬೇಕು, ಬಸ್ಸು ತಪ್ಪಬಾರದು. ಎಂಥ ನ್ಯಾಯ! ಎರಡೂ ಕೈ ಎತ್ತಿದೆ. ಅಕ್ಕಪಕ್ಕದವರು ಕೈ ಎತ್ತಿರಲಿಲ್ಲ. "ಎತ್ತ್ರೇ ಕೈ, ಏನ್ ನೋಡ್ತೀರಿ! ನಾಳಿ ನಿಮಗೂ ಇದಾ ಕಾನೂನು ಬೇಕಾಗ್ತದ," ಎಂದು ಬೈದು ಅವರ ಕೈಯನ್ನೂ ಎತ್ತಿಸಿದೆ. ಖಾಸಿಂಸಾಬ್ ನನ್ನನ್ನೇ ನೋಡುತ್ತ ನಿಂತ. "ಆಯಿ, ನಿಮ್ಮಂಥಾ ದೊಡ್ಡ ಮನಸ್ಸು ನಾ ಎಲ್ಲೂ ನೋಡಿಲ್ಲ," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಂಜೆ ಬಸ್ಸಿನಲ್ಲಿ ಶಾಂತಾ ಹೇಳಿದಳು. "ಅತ್ತಿ, ಹಿಂದ ಬಂದೋರು ಅಂದ್ರ ಕಡೀಗಿ ಕೆಲಸಕ್ಕ ಸೇರಿದೋರು. ಹೋಗೂದಂದ್ರ ಕೆಲಸ ಬಿಟ್ಟು ಹೋಗೂದು. ಎಲ್ಲರಿಗಿಂತ ಮೊದಲ ನೀವಾ."

ಈ 'ಹಿಂದೆ' ಎಂಬ ಮಾತನ್ನು ಮಾಡಿದವನು ನನ್ನ ಕೈಗೆ ಸಿಗಬೇಕಿತ್ತು. ಹಿಂದಿನ ಕಾಲದವರು ಅಂದರೆ ನಮಗಿಂತ ಮೊದಲಿನವರು, ಹಿಂದಿನ ಬಸ್ಸಿಗೆ ಬಂದವರು ಅಂದರೆ ನಮ್ಮ ಆಮೇಲಿನವರು. ಒಂದೇ ಮಾತು ಬೆನ್ನಿಗೂ ಹೌದು, ಎದೆಗೂ ಹೌದು.

"ಹೊಸ ತೊಗರಿ ಬಂದ್ರ ಮತ್ತ ಕರೀತಾರಿ," ಎಂದು ಶಾಂತಾ ಸಮಾಧಾನ ಮಾಡಿದಳು. "ಆವಾಗ ಕಡೀಗಿ ಹೋದೋರು ಮೊದಲ ಬರಬೇಕು."

"ಮೊದಲ ಹೋದೋರು?"

"ಕಡೀಗಿ."

ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಮಿಲ್ಲಿನ ತೊಗರಿ ಮುಗಿಯಿತು, ಈಗ ಮನೆಯಲ್ಲಿದ್ದೇನೆ. "ಮನ್ಯಾಗ ನೀವೇ ಸೀನಿಯರ್ ಅತ್ತಿ, ಪಾಳಿ ನೀವಾ ಆರಿಸ್ಕೊಳ್ರಿ," ಎಂದಳು ಶಾಂತಾ. ಕಸುಬು ತಿಳಿದವಳಂತೆ ಮುಂಜಾನೆಯ ಪಾಳಿ ಆರಿಸಿದೆ, ರೊಟ್ಟಿ ಬಡಿಯುವ ಕೆಲಸ ನನಗೇ ಬಂತು. ನಾನು ಒಲೆ ಮುಂದೆ ಕೂತಿರುವಾಗ ಆಕೆ ಬುತ್ತಿ ಹಿಡಿದು ಹೊಸ್ತಿಲು ದಾಟುತ್ತಾಳೆ. ಈ ಮನೆಗೆ ಹಿಂದೆ ಬಂದವಳು ಆಕೆ, ದಿನಾ ಮೊದಲು ಹೋಗುವವಳೂ ಆಕೆಯೇ. ಕಾನೂನು ಸರಿಯಾಗಿಯೇ ಇದೆ. ಮಿಲ್ಲಿನಲ್ಲಿ ಹೋಗಬೇಕಾದವಳು ನಾನು, ಮನೆಯಲ್ಲಿ ಉಳಿಯಬೇಕಾದವಳೂ ನಾನು; ಅದು ಎಲ್ಲಿ ನಡೆದರೂ ಸಿಕ್ಕಿಬೀಳುವವಳು ಮಾತ್ರ ನಾನೇ.

ಹೊಸ ತೊಗರಿ ಬರಲಿ. ಮೊದಲ ಬಸ್ಸಿಗೇ ಹೋಗಿ ಗೇಟಿನ ಮುಂದೆ ನಿಲ್ಲುತ್ತೇನೆ. ಈ ಸಲ ವಾಚ್‌ಮನ್ನನನ್ನು ಎಬ್ಬಿಸಿ, ನಾನು ಬಂದದ್ದನ್ನು ಅವನ ಕಣ್ಣಿಗೇ ತೋರಿಸುತ್ತೇನೆ.