ಜೋಪಾನ ಮಾಡಿದ ಕಾಗದಗಳು

ಕಾಗದಪತ್ರ ಹಾಳಾಗುವುದು ಉಡಾಫೆಯವರ ಕೈಯಲ್ಲಿ ಎಂದು ಜನ ತಿಳಿದಿದ್ದಾರೆ. ನಾನು ಕಂಡಂತೆ ಅವು ಹಾಳಾಗುವುದು ಜೋಪಾನ ಮಾಡುವವರ ಕೈಯಲ್ಲಿ. ಎಷ್ಟು ಸಲ ಕಂಡರೂ ನನಗೆ ಅಭ್ಯಾಸವಾಗಿಲ್ಲ. ಪ್ರತಿ ಸಲವೂ ಹೊಸದಾಗಿ ಗಾಬರಿಯಾಗುತ್ತೇನೆ.

ಮೂವತ್ತರ ದಶಕದ ಮಾತು. ಶಿರಸಿಯಿಂದ ಕುಮಟೆಗೆ ಎತ್ತಿನ ಗಾಡಿಗಳಲ್ಲಿ ಮಾಲು ಸಾಗಿಸುವ ಒಬ್ಬ ಸಾಹೇಬರ ಹತ್ತಿರ ನಾನು ಗುಮಾಸ್ತನಾಗಿದ್ದೆ. ಮಾಲು ತುಂಬಿಡುವ ಅವರ ಶಿರಸಿಯ ವಖಾರಿ ನಿಂತಿದ್ದ ಜಾಗ ಹುಲೇಕಲ್ ಕಡೆಯ ಹೆಗಡೆಯವರ ಮನೆತನದ್ದು. ಹಿಂದೆ ದೊಡ್ಡ ಹೆಗಡೆಯವರು ಅದನ್ನು ಸಾಹೇಬರ ತಂದೆಗೆ ಬರೆದುಕೊಟ್ಟಿದ್ದರು. ಈಗ ಆ ದೊಡ್ಡ ಹೆಗಡೆಯವರ ಮೊಮ್ಮಗ ಬಂದು, "ಪತ್ರ ಇದ್ದರೆ ತೋರಿಸಿ, ಇಲ್ಲದಿದ್ದರೆ ಯುಗಾದಿಯೊಳಗೆ ಜಾಗ ಬಿಡಿ" ಎಂದು ಹೇಳಿಹೋಗಿದ್ದರು.

ಸಾಹೇಬರು ನನ್ನನ್ನು ಕರೆದರು. "ನಲವತ್ತು ವರ್ಷದ ಕಾಗದ ಮೂರು ಊರಲ್ಲಿ ಬಿದ್ದಿದೆ. ಎಲ್ಲ ವರ್ಷವಾರು ಜೋಡಿಸು. ಜೋಡಿಸುವಾಗ ಜಾಗದ ಪತ್ರ ಬರೆದ ಆ ಛಾಪಾ ಕಾಗದ ಸಿಗಬೇಕು. ಸಿಗದಿದ್ರೆ ನಾನೂ ಬೀದಿಗೆ, ನೀನೂ ಬೀದಿಗೆ."

ಸಿದ್ದಾಪುರ

ಸಿದ್ದಾಪುರದಲ್ಲಿ ಸಾಹೇಬರ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಾರಭಾರಿ ಗೆದ್ದಲಿನ ಹುಟ್ಟು ವೈರಿ. "ಹನ್ನೆರಡು ವರ್ಷದಿಂದ ಒಂದು ಹುಳ ಮುಟ್ಟಿದ್ದಿಲ್ಲೆ, ಬನ್ನಿ ನೋಡಿ" ಎಂದು ನನ್ನನ್ನು ನೇರ ಅಡುಗೆಮನೆಗೆ ಕರೆದೊಯ್ದರು. ದಫ್ತರದ ಗಂಟುಗಳೆಲ್ಲ ಒಲೆಯ ಮೇಲಿನ ಅಟ್ಟದಲ್ಲಿದ್ದವು. ಹೊಗೆ ತಾಗಿದರೆ ಗೆದ್ದಲು ಬರುವುದಿಲ್ಲವಂತೆ.

ಬಿಚ್ಚಿದೆ. ಒಂದು ಹಾಳೆಯೂ ಹರಿದಿರಲಿಲ್ಲ, ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಹಾಳೆಗಳೆಲ್ಲ ಮಸಿಯ ಬಣ್ಣಕ್ಕೆ ತಿರುಗಿದ್ದವು. ಛಾಪಾ ಕಾಗದ ದಪ್ಪವಿರುತ್ತದೆ. ಅಂಥದ್ದು ಒಂದೂ ಇಲ್ಲ ಎಂಬುದನ್ನು ಮುಟ್ಟಿ ಮುಟ್ಟಿಯೇ ಖಾತ್ರಿ ಮಾಡಿಕೊಂಡೆ.

"ಇವನ್ನು ಓದುವುದು ಹೇಗೆ ಮಾರಾಯರೇ?" ಎಂದೆ.

ಅವರಿಗೆ ಬೇಸರವಾಯಿತು. "ಗೆದ್ದಲು ತಿಂದಿದ್ರೆ ಓದ್ಲಿಕ್ಕೆ ಆಗ್ತಿತ್ತಾ?"

ಯಲ್ಲಾಪುರ

ಯಲ್ಲಾಪುರದಲ್ಲಿ ಹೊಗೆಯಿರಲಿಲ್ಲ. ಕಾಗದವೂ ಇರಲಿಲ್ಲ. ಕಪಾಟು ತೊಳೆದಿಟ್ಟ ಹಾಗಿತ್ತು.

"ಹಳೇ ಪುಸ್ತಕ ಅಂದ್ರ ಸರಸ್ವತಿರಿ" ಎಂದರು ಅಲ್ಲಿಯ ಕಾರಭಾರಿ. ಅವರು ಕಿರವತ್ತಿ ಕಡೆಯವರು. "ಸುಡಬಾರದು, ಮಾರಬಾರದು, ಕಾಲು ತಾಗಬಾರದು. ಅದಕ್ಕ ವರ್ಷಾ ಪೂಜಿ ಮಾಡಿ ಹೊಳೀಗೆ ಬಿಡ್ತೀವ್ರಿ."

"ಎಲ್ಲವನ್ನೂ?"

"ಒಂದೂ ಉಳಿಸಿಲ್ರಿ!"

ನಾನು ಖಾಲಿ ಕಪಾಟಿನ ಎದುರು ನೆಲದ ಮೇಲೆ ಕೂತುಬಿಟ್ಟೆ. ಅವರು ನೀರು ಕೊಟ್ಟು, ಜೊತೆಗೆ ಒಂದು ದಪ್ಪ ಪುಸ್ತಕವನ್ನೂ ತಂದರು. ಯಾವ ವರ್ಷ ಯಾವ ಗಂಟನ್ನು ಬೇಡ್ತಿ ಹೊಳೆಗೆ ಬಿಟ್ಟರು, ಒಳಗೆ ಯಾವ್ಯಾವ ಕಾಗದವಿತ್ತು, ಎದುರಿಗೆ ಯಾರಿದ್ದರು, ಎಲ್ಲ ಮುತ್ತಿನಂಥ ಅಕ್ಷರದಲ್ಲಿತ್ತು. ನಮ್ಮ ಇಡೀ ವ್ಯಾಪಾರದಲ್ಲಿ ಅಷ್ಟು ಅಚ್ಚುಕಟ್ಟಾದ ಪುಸ್ತಕ ಇನ್ನೊಂದಿರಲಿಲ್ಲ. ಎರಡು ಸಲ ಓದಿದೆ. ನಮ್ಮ ಪತ್ರ ಹೊಳೆ ಸೇರಿರಲಿಲ್ಲ.

"ಈ ಪುಸ್ತಕ ತುಂಬಿದ ಮೇಲೆ ಇದನ್ನೂ ಬಿಡುತ್ತೀರಾ?" ಎಂದೆ.

ಈಗ ಗಾಬರಿಯಾಗುವ ಸರದಿ ಅವರದು. "ಇದನ್ನ ಬಿಟ್ರ, ಏನೇನ ಬಿಟ್ಟೀವಿ ಅನ್ನೂದು ಹೆಂಗ ಗೊತ್ತಾಗಬೇಕ್ರಿ?"

ಶಿರಸಿ

ಉಳಿದದ್ದು ಶಿರಸಿಯ ಸಾಹೇಬರ ಮನೆ. ಅಲ್ಲಿ ಒಂದು ತಿಂಗಳು ಧೂಳು ಕುಡಿದೆ. ನಲವತ್ತು ವರ್ಷ ನಲವತ್ತು ಗಂಟಾಗಿ ಸಾಲಾಗಿ ಕುಳಿತವು. ಪತ್ರ ಮಾತ್ರ ಇಲ್ಲ. ಯುಗಾದಿಗೆ ಹತ್ತು ದಿನವಿತ್ತು. ಸಾಹೇಬರು ಊಟ ಬಿಟ್ಟಿದ್ದರು.

ಅವರ ತಾಯಿ ದಿನವೂ ಪಡಸಾಲೆಯಲ್ಲಿ ಕೂತು, ಎಲೆ ಅಡಿಕೆ ಹಾಕುತ್ತ ನನ್ನ ಕೆಲಸ ನೋಡುತ್ತಿದ್ದರು. ಅಂದು ಮಗನ ಮುಖ ನೋಡಿ ಕೇಳಿದರು, "ಏನಾಗಿದೆಯೋ ನಿನಗೆ?"

"ವಖಾರಿ ಜಾಗದ ಪತ್ರ ಸಿಗ್ತಾ ಇಲ್ಲ ಅಮ್ಮಾ."

"ಅದಾ? ನಿನ್ನ ಅಬ್ಬಾ ತಾಮ್ರದ ಡಬ್ಬಿಯಲ್ಲಿ ಹಾಕಿ ಹುಗಿದು, ಅದರ ಮೇಲೇ ವಖಾರಿಯ ನಡುಗಂಬ ಎಬ್ಬಿಸಿದ್ರಲ್ಲ. ಕಳ್ಳರ ಕೈಗೂ ಬೇಡ, ಗುಮಾಸ್ತರ ಕೈಗೂ ಬೇಡ ಅಂತ."

ಸಾಹೇಬರು ನಲವತ್ತು ಗಂಟುಗಳ ಕಡೆ ಕೈ ತೋರಿದರು. "ಒಂದು ತಿಂಗಳಿಂದ ಯಾಕೆ ಹೇಳಲಿಲ್ಲ?"

"ಕಾಗದ ಜೋಡಿಸ್ತಿದ್ದೀರಿ ಅಂದ್ರಿ. ಹುಡುಕ್ತಿದ್ದೀರಿ ಅಂತ ನನಗೆ ಹೇಳಿದವರು ಯಾರು?"

ನಡುಗಂಬ

ಸಾಹೇಬರು ಎರಡು ದಿನ ಕಂಬ ಸುತ್ತಿದರು. ಬಡಗಿಯೂ ಸುತ್ತಿದ. "ಕಂಬ ಒಂದನ್ನೇ ತೆಗೀಲಿಕ್ಕೆ ಆಗೂದಿಲ್ಲ ಸಾಹೇಬ್ರೆ. ಇಡೀ ಹಂಚಿನ ಮಾಡು ಇಳಿಸ್ಬೇಕು. ಮಾಡು ಇಳಿಸಿದ್ರೆ ಈ ಗೋಡೆ ನಿಲ್ಲೂದಿಲ್ಲ."

ಸಾಹೇಬರು ಗಡ್ಡ ನೀವಿಕೊಂಡರು. "ಜಾಗ ಉಳಿದ್ರೆ ಇನ್ನೊಂದು ವಖಾರಿ ಕಟ್ಟಬಹುದು. ಜಾಗವೇ ಹೋದ್ರೆ ಇದನ್ನು ತಲೆ ಮೇಲೆ ಹೊತ್ಕೊಂಡು ತಿರುಗಲಾ? ಇಳಿಸಿ."

ನಾಲ್ಕು ದಿನದಲ್ಲಿ ಹಂಚು ಇಳಿಯಿತು, ತೊಲೆ ಇಳಿಯಿತು. ಗೋಡೆ ಯಾರೂ ಹೇಳದೆ ತಾನಾಗಿ ಇಳಿಯಿತು. ಕಂಬದ ಬುಡದಲ್ಲಿ ಡಬ್ಬಿ ಸಿಕ್ಕಿತು. ಒಳಗೆ ಮೇಣದ ಬಟ್ಟೆ, ಅದರೊಳಗೆ ಛಾಪಾ ಕಾಗದ, ನಿನ್ನೆ ಬರೆದ ಹಾಗೆ. ಸಾಹೇಬರು ಅದನ್ನು ಕಣ್ಣಿಗೊತ್ತಿಕೊಂಡರು. ಓದುವಷ್ಟು ತಾಳ್ಮೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೆಗಡೆಯವರಿಗೆ ಕೂಡಲೇ ಹೇಳಿಕಳಿಸಿದರು.

ಮೊಮ್ಮಗ ಹೆಗಡೆಯವರು ಬಂದರು. ಕೂರಲು ಬೇರೆ ಏನೂ ಇಲ್ಲದ್ದರಿಂದ ಹಂಚಿನ ರಾಶಿಯ ಮೇಲೆ ಕೂತು ಗಟ್ಟಿಯಾಗಿ ಓದಿದರು: "...ಸದರಿ ಜಾಗದಲ್ಲಿ ನೀವು ಕಟ್ಟಲಿರುವ ವಖಾರಿ ನಿಂತಿರುವ ತನಕ ನೀವೂ ನಿಮ್ಮ ಮಕ್ಕಳು ಮೊಮ್ಮಕ್ಕಳೂ ಅನುಭವಿಸಿಕೊಂಡು ಬರತಕ್ಕದ್ದು. ವಖಾರಿ ಇಲ್ಲವಾದ ದಿನ ಜಾಗ ನಮಗೆ ಸೇರತಕ್ಕದ್ದು."

ಪತ್ರವನ್ನು ಜೋಪಾನವಾಗಿ ಮಡಚಿ ಸಾಹೇಬರ ಕೈಗೆ ಕೊಟ್ಟರು. ಸುತ್ತ ಒಮ್ಮೆ ನೋಡಿದರು.

"ಪತ್ರ ಸರಿ ಇದ್ದು ಸಾಹೇಬ್ರೆ," ಎಂದರು. "ವಖಾರಿ ಎಲ್ಲಿದ್ದು?"